ಕಾರ್ಡ್ ಮಾವ ಹೆಸರು ಬರೆಯದೆ ಬಿಟ್ಟ ಮರ

ಹೋದ ತಿಂಗಳು ಅನುಗೊಂಡನಹಳ್ಳಿಯಲ್ಲಿ ಸಹೋದ್ಯೋಗಿಯೊಬ್ಬರ ಗೃಹಪ್ರವೇಶವಿತ್ತು. ಹೊಸಕೋಟೆ ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ನಮ್ಮ ಆಟೋದ ಮುಂದೆ ಒಂದು ಟ್ರ್ಯಾಕ್ಟರ್ ಸಿಕ್ಕಿತು. ಅವತ್ತೇ ಕಡಿದ ನೀಲಗಿರಿ ದಿಮ್ಮಿಗಳು, ಅದರ ಮೇಲೆ ಹಸಿ ಸೊಪ್ಪಿನ ಕೊಂಬೆಗಳು. ರಸ್ತೆ ಕಿರಿದು, ಮುಂದೆ ಹೋಗಲು ಜಾಗವಿಲ್ಲ. ಸುಮಾರು ದೂರ ಆ ವಾಸನೆಯ ಹಿಂದೆಯೇ ಹೋದೆವು. ಆಟೋದವರು ಮೂಗು ಉಜ್ಜಿಕೊಳ್ಳುತ್ತಾ, "ನೆಗಡಿ ಬಂದಂಗಾಗ್ತೈತೆ ಮೇಡಂ" ಎಂದರು.

ನೀಲಗಿರಿ ಎಂದರೆ ಎಲ್ಲರಿಗೂ ನೆಗಡಿಯೇ ನೆನಪಾಗುತ್ತದೆ. ನನಗೆ ಮಾತ್ರ ರಟ್ಟಿನ ಹುಡಿ, ಚೂಪಾಗಿ ಕೆತ್ತಿದ ಪೆನ್ಸಿಲ್, ಕಿವಿಗೆ ಹತ್ತಿ ತುರುಕಿಕೊಂಡು ಬಾಗಿಲ ಬೆಳಕಿಗೆ ಬಾಗಿ ಕೂತ ಒಬ್ಬ ಮನುಷ್ಯ ನೆನಪಾದರು...

ಇಪ್ಪತ್ತೈದು ವರ್ಷದ ಹಿಂದಿನ ಮಾತು. ಮಂಡ್ಯ ಕಡೆಯವಳಾದ ನನಗೆ ಮೊದಲ ಕೆಲಸ ಸಿಕ್ಕಿದ್ದು ದೊಡ್ಡಬಳ್ಳಾಪುರದ ಒಂದು ಕಾಲೇಜಿನಲ್ಲಿ. ಬಾಟನಿ ಪಾಠ. ಕೆಲಸ ಕಾಯಂ ಅಲ್ಲ, ವರ್ಷ ವರ್ಷವೂ ಮುಂದುವರಿಸಬೇಕು. ಮಗ್ಗದ ಬೀದಿಯಲ್ಲಿ ಮಹಡಿ ಮೇಲಿನ ಒಂದು ಕೋಣೆ ಬಾಡಿಗೆಗೆ ಸಿಕ್ಕಿತು. ಬೆಳಗಾದರೆ ಸಾಕು, ಬೀದಿಯ ಎರಡೂ ಕಡೆ ಪವರ್‌ಲೂಮ್‌ಗಳು ಶುರುವಾಗುತ್ತಿದ್ದವು. ಮೊದಲ ವಾರ ನನ್ನ ಹಲ್ಲೂ ಅದರ ಜೊತೆಗೇ ಅಲ್ಲಾಡಿದಂತೆ ಅನ್ನಿಸಿತ್ತು. ಎರಡನೇ ತಿಂಗಳಿಗೆ ಕರೆಂಟ್ ಹೋಗಿ ಸದ್ದು ನಿಂತರೆ ನಿದ್ದೆಯಿಂದ ಎಚ್ಚರವಾಗುವಷ್ಟು ಅಭ್ಯಾಸವಾಯಿತು.

ಎದುರು ಮನೆಯವರನ್ನು ಬೀದಿಯವರೆಲ್ಲ ಕಾರ್ಡ್ ಮಾವ ಎನ್ನುತ್ತಿದ್ದರು. ಸೀರೆಯ ಅಂಚಿಗೆ, ಸೆರಗಿಗೆ ಬೇಕಾದ ಚಿತ್ರವನ್ನು ಚೌಕುಳಿ ಹಾಳೆಯ ಮೇಲೆ ಬರೆದು, ಅದನ್ನು ನೋಡಿಕೊಂಡು ಉದ್ದುದ್ದ ರಟ್ಟಿನ ಕಾರ್ಡುಗಳಲ್ಲಿ ತೂತು ಹೊಡೆಯುವುದು ಅವರ ಕಸುಬು. ಆ ಕಾರ್ಡುಗಳನ್ನು ಸರವಾಗಿ ಪೋಣಿಸಿ ಮಗ್ಗದ ಮೇಲೆ ಏರಿಸುತ್ತಾರೆ. ತೂತು ಇದ್ದ ಕಡೆ ಎಳೆ ಏಳುತ್ತದೆ, ಇಲ್ಲದ ಕಡೆ ಸುಮ್ಮನಿರುತ್ತದೆ. ಹಾಗೆ ಎಳೆಗಳು ಎದ್ದೂ ಬಿದ್ದೂ ನವಿಲಾಗುತ್ತವೆ, ಮಾವಿನಕಾಯಿಯಾಗುತ್ತವೆ. ಮಗ್ಗದ ಬೀದಿಯವರೆಲ್ಲ ಸದ್ದಿನ ಮೇಲೆ ಕೂಗಿ ಮಾತಾಡಿ ಗಂಟಲು ದಪ್ಪ ಮಾಡಿಕೊಂಡಿದ್ದರೆ, ಮಾವ ಮೆಲ್ಲಗೆ ಮಾತಾಡುತ್ತಿದ್ದರು. ಅವರ ಮಾತು ಬೇಕಾದವರು ಹತ್ತಿರ ಹೋಗಬೇಕಿತ್ತು. ಎಳೆ ಎಣಿಸುವ ಒಂದು ಮಡಚುವ ಭೂತಗನ್ನಡಿ ಸದಾ ಅವರ ಅಂಗಿಯ ಜೇಬಿನಲ್ಲಿರುತ್ತಿತ್ತು. ಹೋಟೆಲಿನ ಇಡ್ಲಿಯನ್ನೂ ಒಮ್ಮೆ ಅದರಲ್ಲಿ ನೋಡಿದ್ದರಂತೆ. ಅವರ ಹೆಂಡತಿಯನ್ನು ನಾನು ಅತ್ತೆ ಎನ್ನುತ್ತಿದ್ದೆ, ಇದನ್ನು ಹೇಳಿ ನಕ್ಕಿದ್ದು ಅವರೇ.

ಸೇರಿದ ಮೊದಲ ವರ್ಷವೇ ನಮ್ಮ ಪ್ರಿನ್ಸಿಪಾಲರಿಗೆ ಕಾಲೇಜಿನ ಮರಗಳಿಗೆಲ್ಲ ಹೆಸರಿನ ಫಲಕ ಹಾಕಿಸಬೇಕೆಂಬ ಆಸೆ ಬಂತು. ಇಲಾಖೆಯ ದೊಡ್ಡ ಅಧಿಕಾರಿಯೊಬ್ಬರು ಬರುವವರಿದ್ದರು, ಅವರ ಕೈಯಲ್ಲಿ ಉದ್ಘಾಟನೆ. ಹೆಸರು ಹುಡುಕುವ ಕೆಲಸ ನನ್ನದು. ತಗಡಿನ ಮೇಲೆ ಅಕ್ಷರ ಬರೆಯಲು ಯಾರನ್ನು ಹಿಡಿಯಲಿ ಎಂದು ಯೋಚಿಸುತ್ತಿದ್ದಾಗ ಅತ್ತೆಯೇ, "ನಮ್ಮೋರ ಕೈಬರಹ ನೋಡಿದೀಯೇನಮ್ಮ? ಅಚ್ಚು ಹಾಕ್ದಂಗೆ ಬರೀತಾರೆ" ಎಂದರು.

ಮಾವ ಒಪ್ಪಿದರು. ಹೊಂಗೆ, ಬೇವು, ನೇರಳೆ, ಗುಲ್‌ಮೊಹರ್, ಮಳೆಮರ... ಮೇಲೆ ಕನ್ನಡದ ಹೆಸರು, ಕೆಳಗೆ ಸಸ್ಯಶಾಸ್ತ್ರದ ಹೆಸರು. ಎರಡು ದಿನದಲ್ಲಿ ಎಲ್ಲ ಮುಗಿಸಿದರು, ಒಂದು ಬಿಟ್ಟು. ಕಾಲೇಜಿನ ಹಿಂದಿನ ಕಾಂಪೌಂಡಿಗೆ ಒಂದು ಸಾಲು ದೊಡ್ಡ ನೀಲಗಿರಿ ಮರಗಳಿದ್ದವು. ಅದಕ್ಕೆ ನಾನು ಯೂಕಲಿಪ್ಟಸ್ ಗ್ಲಾಬ್ಯುಲಸ್ ಎಂದು ಬರೆದುಕೊಟ್ಟಿದ್ದೆ. ನಾನು ಓದಿದ ಪುಸ್ತಕದಲ್ಲಿ ನೀಲಗಿರಿ ಎಂದರೆ ಅದೇ.

ಕಾರ್ಯಕ್ರಮದ ಹಿಂದಿನ ಸಂಜೆ ಫಲಕ ತರಲು ಹೋದರೆ ಮಾವ ಕುಂಚ ಕೆಳಗಿಟ್ಟು ಕೂತಿದ್ದರು.

"ಈ ಮರದ ಚಿತ್ರ ಇದ್ರೆ ತೋರ್ಸಿ ಮೇಡಂ."

"ಚಿತ್ರ ಯಾಕೆ ಮಾವ? ಹೆಸರು ಬರೆದುಕೊಟ್ಟಿದೀನಲ್ಲ."

"ಹೊಂಗೆ, ಬೇವು ನಂಗೊತ್ತು. ಇದ್ಯಾವ್ದೋ ಗ್ಲಾಬು ಗ್ಲೀಬು ಅಂತಿದೆ. ನೋಡಿ ಬರೀತೀನಿ."

ಮಹಡಿ ಹತ್ತಿ ಪುಸ್ತಕ ತಂದುಕೊಟ್ಟೆ. ಮಾವ ಭೂತಗನ್ನಡಿ ಬಿಚ್ಚಿ ಆ ಪುಟದ ಮೇಲಿಟ್ಟು ಬಹಳ ಹೊತ್ತು ನೋಡಿದರು. ಆಮೇಲೆ ಪುಸ್ತಕವನ್ನು ಜೋಪಾನವಾಗಿ ಮುಚ್ಚಿ ನನ್ನ ಕೈಗೆ ಕೊಟ್ಟರು.

"ಇದು ನಿಮ್ಮ ಕಾಲೇಜಿನ ಮರ ಅಲ್ಲ."

ಮಾವನಿಗೆ ಆ ಮರಗಳು ಚೆನ್ನಾಗಿ ಗೊತ್ತಿದ್ದವು. ಸಂಜೆ ಕಿವಿಯ ಹತ್ತಿ ತೆಗೆದು ರಾಜಘಟ್ಟದ ರಸ್ತೆಯಲ್ಲಿ ಅಷ್ಟು ದೂರ ನಡೆದು ಬರುವುದು ಅವರ ರೂಢಿ. ಆ ದಾರಿಯಲ್ಲೇ ನಮ್ಮ ಕಾಲೇಜು. ಗಾಳಿಗೆ ಉದುರಿದ ನೀಲಗಿರಿ ಮೊಗ್ಗುಗಳನ್ನು ಆಯ್ದು ತಂದು, ಹೊಸ ಅಂಚಿಗೆ ಆದೀತೇನೋ ಎಂದು ಬರೆದು ನೋಡುತ್ತಿದ್ದರಂತೆ. ನವಿಲು, ಮಾವಿನಕಾಯಿ ಬರೆದು ಬರೆದು ಅವರಿಗೆ ಸಾಕಾಗಿತ್ತು.

"ಪುಸ್ತಕದಲ್ಲಿ ಮೊಗ್ಗು ಒಂಟಿ. ಅಂಗಿ ಗುಂಡಿ ಥರ ದಪ್ಪಕ್ಕೆ, ಎಲೆ ಬುಡಕ್ಕೇ ಅಂಟ್ಕೊಂಡಿದೆ. ಮೈಮೇಲೆ ಗಂಟು ಗಂಟು. ನಮ್ಮ ಮರದ್ದು ಗೊಂಚಲು ಮೇಡಂ. ಸಣ್ಣ ಸಣ್ಣದು, ತಲೆ ಮೇಲೆ ಉದ್ದ ಟೋಪಿ."

"ನಾನು ಬಾಟನಿ ಓದಿದೀನಿ ಮಾವ."

"ಓದಿದೀರಿ, ಇಲ್ಲ ಅಂದೋರ್ಯಾರು? ಮರ ನೋಡಿದೀರಾ?"

ನನಗೆ ಸಿಟ್ಟು ಬಂತು. ಅಧಿಕಾರಿ ಬರಲು ಒಂದು ದಿನವೂ ಇಲ್ಲ, ಇವರು ಮೊಗ್ಗು ಎಣಿಸುತ್ತಿದ್ದಾರೆ. "ನೀವು ಬರೀರಿ ಮಾವ, ತಪ್ಪಾದ್ರೆ ನನ್ನ ತಲೆ ಮೇಲೆ" ಎಂದೆ. ಮಾವ ತಲೆಯಾಡಿಸಿದರು. "ಕಾರ್ಡಲ್ಲಿ ಒಂದು ತೂತು ತಪ್ಪು ಹೊಡೆದ್ರೆ ಆ ತಪ್ಪು ಒಂದು ಕಡೆ ನಿಲ್ಲಲ್ಲ, ಸೀರೆಯುದ್ದಕ್ಕೂ ಬರುತ್ತೆ. ನಿಮ್ಮ ಹುಡುಗ್ರೆಲ್ಲ ಇದನ್ನೇ ಓದ್ಕೊಂಡು ಹೋಗ್ತಾರೆ" ಎಂದರು. ನಾನು ಎದ್ದು ಬಂದೆ. ಸಿಟ್ಟಿನ ಕೆಳಗೆ ಒಂದು ಅಳುಕೂ ಇತ್ತು. ನಿಜವಾಗಿ ನಾನು ಆ ಮರದ ಮೊಗ್ಗನ್ನು ಒಂದು ದಿನವೂ ಕೈಯಲ್ಲಿ ಹಿಡಿದು ನೋಡಿರಲಿಲ್ಲ.

ಮರುದಿನ ಬೆಳಿಗ್ಗೆ ಹಲ್ಲುಜ್ಜುತ್ತಿರುವಾಗ ಕೆಳಗೆ ಮೊಪೆಡ್ಡಿನ ಸದ್ದು. ಇಣುಕಿದರೆ ಮಾವ ಮಫ್ಲರ್ ಸುತ್ತಿಕೊಂಡು ಕೂತಿದ್ದಾರೆ, ಪಕ್ಕದಲ್ಲಿ ಅತ್ತೆ. "ಹೋಗ್ಬಿಟ್ಟು ಬಾರಮ್ಮ. ನೀನು ಹೋಗ್ಲಿಲ್ಲ ಅಂದ್ರೆ ಇವತ್ತೆಲ್ಲ ನನ್ನ ತಲೆ ತಿಂತಾರೆ" ಎಂದು ಅತ್ತೆ ಕೈ ಮುಗಿದರು. ಹೋದೆ.

ಕಾಲೇಜಿನ ಹಿಂದೆ ಮಂಜು ಇನ್ನೂ ಪೂರ್ತಿ ಕರಗಿರಲಿಲ್ಲ. ನುಣುಪು ಕಾಂಡ ನೆಟ್ಟಗೆ ಮೇಲಕ್ಕೆ ಹೋಗಿತ್ತು, ಕೈಗೆ ಸಿಗುವಂಥ ಕೊಂಬೆ ಒಂದೂ ಇರಲಿಲ್ಲ. ಕಾಂಪೌಂಡಿನ ಆಚೆ ಒಬ್ಬ ಹೆಂಗಸು ಮೇಕೆ ಮೇಯಿಸುತ್ತಿದ್ದಳು, ಕೈಯಲ್ಲಿ ತುದಿಗೆ ಕೊಕ್ಕೆಯಿದ್ದ ಉದ್ದನೆಯ ದೋಟಿ. ಮಾವ ಅವಳನ್ನು ಕರೆದು ಒಂದು ಕೊಂಬೆ ಎಳೆದುಕೊಡಲು ಕೇಳಿದರು.

"ಇದನ್ನ ನನ್ನ ಮೇಕೆನೇ ತಿನ್ನಲ್ಲ ಸ್ವಾಮಿ, ನಿಮಗ್ಯಾಕೆ?" ಎಂದಳು ಅವಳು.

"ಮೇಡಂಗೆ" ಎಂದರು ಮಾವ.

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಗೋಡೆಯ ಮುರುಕಿನಿಂದ ಒಳಗೆ ಬಂದು, ಕಲ್ಲಿನ ಮೇಲೆ ಹತ್ತಿ ನಿಂತು, ನಾಲ್ಕು ಸಲ ತಪ್ಪಿ ಐದನೇ ಸಲಕ್ಕೆ ಒಂದು ಕೊಂಬೆ ಇಳಿಸಿದಳು. ಇಬ್ಬನಿ ನಮ್ಮ ಮೂವರ ಮೇಲೂ ಸುರಿಯಿತು. ಮಾವ ಕೊಂಬೆಯನ್ನು ನನ್ನ ಕೈಗೆ ಕೊಟ್ಟು, ಜೇಬಿನಿಂದ ಭೂತಗನ್ನಡಿ ತೆಗೆದು ಅದನ್ನೂ ಕೊಟ್ಟರು.

ಒಂದೇ ತೊಟ್ಟಿನ ತುದಿಯಲ್ಲಿ ಏಳು ಮೊಗ್ಗು. ಇನ್ನೊಂದರಲ್ಲಿ ಒಂಬತ್ತು. ಒಂದೊಂದರ ಮೇಲೂ ಕೊಂಬಿನಂತೆ ಚೂಪಾದ ಟೋಪಿ, ಕೆಳಗಿನ ಬಟ್ಟಲಿಗಿಂತ ಟೋಪಿಯೇ ಉದ್ದ. ಬಲಿತ ಒಂದನ್ನು ಉಗುರಿನಿಂದ ಮೀಟಿದೆ. ಟೋಪಿ ಕಳಚಿ ಬಿತ್ತು, ಒಳಗೆ ಮಡಚಿಕೊಂಡಿದ್ದ ಬಿಳಿ ಎಳೆಗಳು ನಿಧಾನಕ್ಕೆ ಬಿಚ್ಚಿಕೊಂಡವು. ಪುಸ್ತಕದ ಚಿತ್ರಕ್ಕೂ ಇದಕ್ಕೂ ಯಾವ ಸಂಬಂಧವೂ ಇರಲಿಲ್ಲ. ಆ ಪುಸ್ತಕದ ಮರ ಊಟಿಯಂಥ ಚಳಿಯ ಎತ್ತರದ್ದು. ದೊಡ್ಡಬಳ್ಳಾಪುರದ ಬಿಸಿಲಿಗೆ ಅದು ಹೇಗೆ ಬಂದೀತು ಎಂದು ಕೇಳಿಕೊಳ್ಳುವ ಬುದ್ಧಿ ನನಗೆ ಅಲ್ಲಿಯವರೆಗೂ ಬಂದಿರಲಿಲ್ಲ.

"ಮಾವ, ಇದು ಯಾವುದು ಹಾಗಾದರೆ?"

"ಅದನ್ನ ನೀವ್ ಹೇಳ್ಬೇಕು. ನಾನು ಓದಿಲ್ಲ" ಎಂದರು. ಅವರು ನನ್ನನ್ನು ಬೇಕೆಂದೇ ಹಂಗಿಸಿದ್ದು ಅದೊಂದೇ ಸಲ.

ಹತ್ತು ಗಂಟೆಗೆ ಅಧಿಕಾರಿ ಬಂದರು. ಮಾವ ತಂದುಕೊಟ್ಟಿದ್ದ ಕೊನೆಯ ಫಲಕದಲ್ಲಿ 'ನೀಲಗಿರಿ' ಎಂದು ಮಾತ್ರ ಇತ್ತು. ಕೆಳಗೆ ಶಾಸ್ತ್ರದ ಹೆಸರಿನ ಜಾಗ ಖಾಲಿ. ಅಧಿಕಾರಿ ಒಂದೊಂದೇ ಫಲಕವನ್ನು ಗಟ್ಟಿಯಾಗಿ ಓದುತ್ತಾ ಬಂದು ಅದರ ಮುಂದೆ ನಿಂತರು.

"ಇಲ್ಲೇನು, ಪೇಂಟ್ ಮುಗಿದುಹೋಯ್ತಾ?"

ಪ್ರಿನ್ಸಿಪಾಲರು ನನ್ನ ಕಡೆ ನೋಡಿದರು. ಗ್ಲಾಬ್ಯುಲಸ್ ಎಂದು ಬಾಯಲ್ಲಿ ಹೇಳಿಬಿಟ್ಟಿದ್ದರೆ ಅಲ್ಲಿದ್ದ ಯಾರಿಗೂ ತಿಳಿಯುತ್ತಿರಲಿಲ್ಲ. ಹುಡುಗರ ಹಿಂದೆ, ಮಫ್ಲರ್ ಕೈಯಲ್ಲಿ ಹಿಡಿದುಕೊಂಡು ಮಾವ ನಿಂತಿದ್ದರು. ಅವರು ನನ್ನನ್ನು ನೋಡುತ್ತಿರಲಿಲ್ಲ, ಮರವನ್ನು ನೋಡುತ್ತಿದ್ದರು.

"ಇದು ಯಾವ ಜಾತಿ ಅಂತ ನನಗೆ ಇನ್ನೂ ಗೊತ್ತಿಲ್ಲ ಸರ್" ಎಂದೆ.

"ಬಾಟನಿ ಮೇಡಂಗೇ ಗೊತ್ತಿಲ್ವಾ?" ಎಂದರು ಅಧಿಕಾರಿ. ಹುಡುಗರು ಹೋ ಎಂದು ನಕ್ಕರು. ಪ್ರಿನ್ಸಿಪಾಲರು ನಗಲಿಲ್ಲ. ಮಧ್ಯಾಹ್ನ ತಮ್ಮ ಕೋಣೆಗೆ ಕರೆದು, "ಗೊತ್ತಿಲ್ಲ ಅನ್ನೋಕೆ ನಿಮ್ಮನ್ನ ಇಟ್ಕೊಂಡಿದೀವೇನಮ್ಮ? ಮುಂದಿನ ವರ್ಷದ್ದು ನೋಡೋಣ" ಎಂದರು. ಅವತ್ತು ಸಂಜೆ ನಾನು ಮಾವನ ಮನೆಯ ಮೆಟ್ಟಿಲ ಮೇಲೆ ಕೂತು ಅತ್ತಿದ್ದು ನಿಜ. ಅತ್ತೆ ಬೋಂಡ ಕರಿದುಕೊಟ್ಟರು. ಮಾವ ಕೊಂಬೆಯನ್ನು ನೀರಿನ ಚೊಂಬಿನಲ್ಲಿಟ್ಟು ಚೌಕುಳಿ ಹಾಳೆ ಹರವಿದರು.

ಎಂಟು ದಿನ ಬರೆದರು. ಕಡ್ಡಿ ತುದಿಯಷ್ಟಿದ್ದ ಮೊಗ್ಗು ಅಂಗೈಯಷ್ಟಾಯಿತು. ಟೋಪಿ ಇದ್ದಾಗ, ಟೋಪಿ ಬಿದ್ದಾಗ, ಕಾಯಿ ಬಲಿತು ಅದರ ಬಾಯಲ್ಲಿ ನಾಲ್ಕು ಹಲ್ಲು ಹೊರಗೆ ಚಾಚಿದಾಗ, ಎಲೆಯ ನರ ಅಂಚಿಗೆ ಹೋಗಿ ಸೇರುವ ಬಗೆ... ಒಂದು ಚೌಕ ಹೆಚ್ಚಿಲ್ಲ, ಒಂದು ಚೌಕ ಕಡಿಮೆ ಇಲ್ಲ. ಆ ಹಾಳೆಗಳನ್ನೂ ಒಣಗಿಸಿದ ಒಂದು ಕೊಂಬೆಯನ್ನೂ ಬೆಂಗಳೂರಿನಲ್ಲಿದ್ದ ನನ್ನ ಮೇಷ್ಟ್ರಿಗೆ ಅಂಚೆಯಲ್ಲಿ ಕಳಿಸಿದೆ.

ಮೂರು ವಾರಕ್ಕೆ ಕಾಲೇಜಿನ ವಿಳಾಸಕ್ಕೆ ಮೇಷ್ಟ್ರ ಅಂಚೆಕಾರ್ಡು ಬಂತು. 'ಯೂಕಲಿಪ್ಟಸ್ ಟೆರೆಟಿಕಾರ್ನಿಸ್‌ನಂತೆ ಕಾಣುತ್ತದೆ. ಮೊಗ್ಗಿನ ಟೋಪಿ ಕೊಂಬಿನಂತಿರುವುದರಿಂದಲೇ ಆ ಹೆಸರು. ಚಿತ್ರ ಬರೆದ ಕಲಾವಿದರು ಯಾರು? ಇಷ್ಟು ಸರಿಯಾಗಿ ಬರೆಯುವವರನ್ನು ನಾನು ನೋಡಿ ಬಹಳ ಕಾಲವಾಯಿತು.' ಪ್ರಿನ್ಸಿಪಾಲರು ಅದನ್ನು ನನಗಿಂತ ಮೊದಲೇ ಓದಿ, ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಓದಿ ಹೇಳಿ, "ನಮ್ಮ ಕಾಲೇಜಿನ ಮರ" ಎಂದು ಹೆಮ್ಮೆಪಟ್ಟುಕೊಂಡರು. ನನ್ನ ಕೆಲಸ ಉಳಿಯಿತು. ಮಾವ ಖಾಲಿ ಜಾಗದಲ್ಲಿ ಹೆಸರು ಬರೆದರು. ಕಲಾವಿದರು ಎಂಬ ಮಾತನ್ನು ಮಾತ್ರ ಅತ್ತೆ ತಿಂಗಳುಗಟ್ಟಲೆ ಬಿಡಲಿಲ್ಲ. "ಕಲಾವಿದ್ರೇ, ಸೀಮೆಎಣ್ಣೆ ಮುಗಿದೈತೆ."

ಆ ಮೊಗ್ಗು ಸೀರೆಗೂ ಏರಿತು. ಮಗ್ಗದ ಸಾಹುಕಾರರು ಮೊದಲು ಒಪ್ಪಿರಲಿಲ್ಲ. "ನೀಲಗಿರಿ ಬಾರ್ಡರ್ ಹಾಕಿದ್ರೆ ಯಾರಪ್ಪಾ ತಗೊಳೋದು, ನೆಗಡಿ ಬಂದೋರಾ?" ಎಂದಿದ್ದರಂತೆ. ಮಾವ ಹಠ ಹಿಡಿದು ಆರು ಸೀರೆ ನೇಯಿಸಿದರು. ಪಾಚಿ ಬಣ್ಣದ ಮೈ, ಚಿನ್ನದ ಬಣ್ಣದ ಅಂಚು, ಅಂಚಿನುದ್ದಕ್ಕೂ ಏಳೇಳು ಮೊಗ್ಗಿನ ಗೊಂಚಲು. ಆರೂ ಸೀರೆ ಒಂದೇ ವಾರದಲ್ಲಿ ಹೋದವು. ಅಂಗಡಿಯಿಂದ ಇನ್ನಷ್ಟು ಬೇಕೆಂದು ಹೇಳಿಕಳಿಸಿದರು. "ಆ ಲವಂಗದ ಬಾರ್ಡರ್ ಇದೆಯಲ್ಲ, ಅದು" ಎಂದು.

ಮಾವನಿಗೆ ಆದ ನೋವು ಅಷ್ಟಿಷ್ಟಲ್ಲ. ಅಂಗಡಿಗೇ ಹೋಗಿ, ಇದು ಲವಂಗ ಅಲ್ಲ, ನೀಲಗಿರಿ ಮೊಗ್ಗು ಎಂದು ಹೇಳಿ ಬಂದರು. ಅಂಗಡಿಯವರು ಹೂಂ ಎಂದು, ಅವರ ಎದುರಿಗೇ ಗಿರಾಕಿಗೆ ಲವಂಗ ಎಂದು ಮಾರಿದರು. ಮನೆಗೆ ಬಂದು ಊಟ ಬೇಡ ಎಂದು ಕೂತವರನ್ನು ಸಮಾಧಾನ ಮಾಡಲು ಅತ್ತೆ ನನ್ನನ್ನು ಕರೆದರು.

"ಮಾವ, ಲವಂಗ, ನೀಲಗಿರಿ ಎರಡೂ ಒಂದೇ ಕುಟುಂಬ. ಸೀಬೆ, ನೇರಳೆ ಕೂಡ ಅದರದ್ದೇ" ಎಂದೆ.

"ನಿಜವಾಗ್ಲೂನಾ?"

"ಪುಸ್ತಕದಲ್ಲಿದೆ."

"ನಿಮ್ಮ ಪುಸ್ತಕ" ಎಂದು ಮಾವ ನಕ್ಕುಬಿಟ್ಟರು. "ಹೋಗ್ಲಿ ಬಿಡಿ. ನೆಂಟ್ರ ಹೆಸರು ಹೇಳ್ಕೊಂಡು ಒಳಗೆ ಸೇರ್ಕೊಂಡಿದೆ." ಆಮೇಲೆ ಎರಡು ಮುದ್ದೆ ಉಂಡರು.

ಮುಂದೆ ನನಗೆ ಬೇರೆ ಕಡೆ ಕಾಯಂ ಕೆಲಸವಾಯಿತು, ಮದುವೆಯಾಯಿತು, ಕೊನೆಗೆ ಹೊಸಕೋಟೆಗೆ ಬಂದು ನೆಲೆಸಿದೆ. ಮೊದಮೊದಲು ವರ್ಷಕ್ಕೆರಡು ಸಲ ಹೋಗಿಬರುತ್ತಿದ್ದೆ. ಹೋದಾಗಲೆಲ್ಲ ಮಾವ ಯಾವುದಾದರೂ ಎಲೆ ತೋರಿಸಿ ಜಗಳ ತೆಗೆಯುತ್ತಿದ್ದರು. ಆಮೇಲೆ ವರ್ಷಕ್ಕೊಂದು ಸಲ... ಆಮೇಲೆ ನಾಲ್ಕು ವರ್ಷ ಹೋಗಲೇ ಇಲ್ಲ.

ಎರಡು ವರ್ಷದ ಹಿಂದೆ ಬೆಂಗಳೂರಿನ ಒಂದು ತರಬೇತಿಯಲ್ಲಿ ಚಿಕ್ಕ ವಯಸ್ಸಿನ ಸಂಶೋಧಕಿಯೊಬ್ಬಳು ನಮ್ಮ ಕಡೆಯ ನೀಲಗಿರಿಗಳ ಬಗ್ಗೆ ಮಾತಾಡಿದಳು. ನಮ್ಮಲ್ಲಿ ನೆಟ್ಟಿರುವುದರಲ್ಲಿ ಹೆಚ್ಚಿನವು ಅಪ್ಪಟ ಟೆರೆಟಿಕಾರ್ನಿಸ್ ಅಲ್ಲ, ಹಲವು ಜಾತಿಗಳು ತಮ್ಮತಮ್ಮಲ್ಲೇ ಬೆರೆತು ಹುಟ್ಟಿದ ಮಿಶ್ರ, ಒಂದು ಮರದಂತೆ ಇನ್ನೊಂದಿರುವುದಿಲ್ಲ ಎಂದಳು. ಕೂತಲ್ಲೇ ನಗು ಬಂತು. ನಮ್ಮ ಮೇಷ್ಟ್ರು 'ಕಾಣುತ್ತದೆ' ಎಂದಷ್ಟೇ ಬರೆದಿದ್ದರು. ಆ ಸಂಭ್ರಮದಲ್ಲಿ ನಾನು ಅದನ್ನು ಗಮನಿಸಿರಲಿಲ್ಲ. ಫಲಕ ಮತ್ತೆ ತಪ್ಪು ಎಂದು ಮಾವನಿಗೆ ಹೇಳಿದರೆ ಅವರ ಮುಖ ಹೇಗಾದೀತು ಎಂದು ನೆನೆದುಕೊಂಡೇ ಬಸ್ಸು ಹತ್ತಿದೆ. ಹೋಗಿ ಹೇಳಬೇಕು ಎಂದುಕೊಂಡೆ. ಪರೀಕ್ಷೆ ಬಂತು, ಮನೆಗೆ ನೆಂಟರು ಬಂದರು. ಹಾಗೇ ಉಳಿಯಿತು.

ಟ್ರ್ಯಾಕ್ಟರಿನ ಹಿಂದೆ ಹೋದ ಮುಂದಿನ ಭಾನುವಾರ ದೊಡ್ಡಬಳ್ಳಾಪುರಕ್ಕೆ ಹೊರಟೆ. ಬೀದಿಯಲ್ಲಿ ಅರ್ಧ ಮಗ್ಗಗಳು ನಿಂತಿದ್ದವು. ಅತ್ತೆ ಬಾಗಿಲಲ್ಲಿ ಅವರೆಕಾಯಿ ಬಿಡಿಸುತ್ತಾ ಕೂತಿದ್ದರು. ನನ್ನನ್ನು ಕಂಡು ಎದ್ದು, ಕೈ ಹಿಡಿದುಕೊಂಡು, "ನಾಲ್ಕು ತಿಂಗಳಾಯ್ತು ಕಣಮ್ಮ" ಎಂದರು. ರಾತ್ರಿ ಮಲಗಿದ ಮಾವ ಬೆಳಿಗ್ಗೆ ಎದ್ದಿರಲಿಲ್ಲವಂತೆ. ನನ್ನ ಹೊಸ ನಂಬರ್ ಅವರ ಹತ್ತಿರ ಇರಲಿಲ್ಲ.

ನಾನೂ ಪಕ್ಕದಲ್ಲಿ ಕೂತು ಅವರೆಕಾಯಿ ಬಿಡಿಸಿದೆ. ಆಮೇಲೆ, ಫಲಕದ ಹೆಸರು ಮತ್ತೆ ತಪ್ಪು ಎಂದು ಮಾವನಿಗೆ ಹೇಳಲು ಬಂದಿದ್ದೆ ಎಂದೆ. ಅತ್ತೆ ಆಶ್ಚರ್ಯಪಡಲಿಲ್ಲ.

"ಅವರಿಗೆ ಗೊತ್ತಿತ್ತು ಅನ್ಸುತ್ತೆ. ಒಂದು ಮರದ ಮೊಗ್ಗು ಇನ್ನೊಂದಕ್ಕೆ ಹೊಂದಲ್ಲ ಅಂತ ಕೂತು ಕೂತು ಗೊಣಗ್ತಿದ್ರು. ಸಾಸಲು ಕಡೆಗೆಲ್ಲ ಗಾಡಿ ಓಡಿಸ್ಕೊಂಡು ಹೋಗೋರು, ಈ ವಯಸ್ಸಲ್ಲಿ."

"ನನಗೊಂದು ಮಾತು ಹೇಳಿಕಳಿಸಬಾರದಿತ್ತಾ ಅತ್ತೆ?"

"ನಾನೂ ಅಂದೆ. ಒಂದ್ಸಲ ಆ ಹುಡುಗೀನ ಎಲ್ಲರ ಮುಂದೆ ಗೊತ್ತಿಲ್ಲ ಅನ್ನಂಗೆ ಮಾಡ್ದೆ, ಪೂರ್ತಿ ತಿಳ್ಕೊಳ್ದೆ ಇನ್ನೊಂದ್ಸಲ ಮಾಡಲ್ಲ ಅಂದ್ರು."

ಒಳಗಿನಿಂದ ಒಂದು ಕಟ್ಟು ತಂದಿಟ್ಟರು. ಹನ್ನೊಂದು ಚೌಕುಳಿ ಹಾಳೆ, ಒಂದೊಂದರಲ್ಲಿ ಒಂದೊಂದು ಮರದ ಮೊಗ್ಗು. ಕೆಳಗೆ ಆ ಅಚ್ಚಿನಂಥ ಅಕ್ಷರ, ಕೊನೆಯ ಹಾಳೆಗಳಲ್ಲಿ ಸ್ವಲ್ಪ ನಡುಗಿದ್ದು. 'ಸಾಸಲು ರಸ್ತೆ. ಟೋಪಿ ಮೋಟು.' 'ರಾಜಘಟ್ಟ ಕೆರೆ ಹತ್ತಿರ. ಟೋಪಿ ಉದ್ದ, ತುದಿ ಬಾಗಿದೆ.' 'ಕಾಲೇಜು, ಮೂರನೇ ಮರ. ಇದು ಎರಡನೇ ಮರದ ಹಾಗಿಲ್ಲ.' ಎಲ್ಲದರ ಕೊನೆಯಲ್ಲೂ ಒಂದೇ ಮಾತು: 'ಮೇಡಂ ಬಂದಾಗ ಕೇಳೋದು.'

ಅತ್ತೆಗೆ ಓದಲು ಬರುತ್ತಿರಲಿಲ್ಲ. ಏನು ಬರೆದಿದ್ದಾರೆ ಎಂದು ಕೇಳಿದರು. ಓದಿ ಹೇಳಿದೆ. ಅವರು ಸೆರಗಿನಿಂದ ಕಣ್ಣೊರೆಸಿಕೊಂಡು, ಅವರೆಕಾಯಿಯ ಮೊರ ಪಕ್ಕಕ್ಕೆ ಸರಿಸಿ, ನೆಟ್ಟಗೆ ಕೂತರು.

"ಬಂದಿದೀಯಲ್ಲ, ಹೇಳು ಮತ್ತೆ."

ಮೊದಲನೇ ಹಾಳೆ ಕೈಗೆತ್ತಿಕೊಂಡೆ. ಟೋಪಿ ಯಾಕೆ ಮೋಟಾಗಿರಬಹುದು, ಯಾವುದು ಯಾವುದರ ಜೊತೆ ಬೆರೆತಿರಬಹುದು ಎಂದು ಹೇಳಲು ಶುರುಮಾಡಿದೆ. ಅರ್ಥವಾಯಿತೋ ಇಲ್ಲವೋ, ಅತ್ತೆ ಪ್ರತಿ ಹಾಳೆಗೂ ಮಾವನ ಪರವಾಗಿ ಹೂಂ ಎನ್ನುತ್ತಾ ಹನ್ನೊಂದನ್ನೂ ಕೇಳಿದರು.